ನಿಂತ ಗಾಡಿಯ ಲೆಕ್ಕ

ತರಕಾರಿ ಮಾರುವ ನಾಲ್ಕು ಚಕ್ರದ ತಳ್ಳುಗಾಡಿಗೆ ಒಂದು ಮೋಟರು ಕೂರಿಸಬೇಕೆನ್ನಿ. ಅಂಗಡಿಯಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: ಸಾಮಾನು ಸೇರಿ 250 ಕಿಲೋ ತೂಗುವ ಗಾಡಿಗೆ ಎಷ್ಟು ವಾಟಿನ ಮೋಟರು ಬೇಕು? ಉತ್ತರವೂ ಅಷ್ಟೇ ಸಲೀಸಾಗಿ ಬರುತ್ತದೆ: 250 ವಾಟು ಸಾಕು, ಅನುಮಾನವಿದ್ದರೆ 500 ಹಾಕಿಸಿಕೊಳ್ಳಿ. ಕೇಳಿದವರು, ಹೇಳಿದವರು ಇಬ್ಬರ ಕಣ್ಣ ಮುಂದಿರುವುದೂ ಚೆನ್ನಾಗಿ ಓಡುತ್ತಿರುವ ಗಾಡಿ. ಮೋಟರು ಕೈಕೊಡುವ ಹೊತ್ತು ಬೇರೆಯದೇ. ಏರಿನ ನಡುವೆ ಗಿರಾಕಿಗಾಗಿ ನಿಲ್ಲಿಸಿ ಮತ್ತೆ ಹೊರಡಿಸುವಾಗ, ಮುಂದಿನ ಚಕ್ರ ಒಂದು ಕಲ್ಲಿಗೆ ಆತುಕೊಂಡಿರುವಾಗ, ಅದರ ಮೇಲೆ ಮಳೆ ಬಿದ್ದು ರಸ್ತೆ ಜಾರುತ್ತಿರುವಾಗ ಅದರ ಬಂಡವಾಳ ಬಯಲಾಗುತ್ತದೆ. ಗಾಡಿಗೆ ಎಂಥ ಮೋಟರು ಬೇಕೆಂಬುದನ್ನು ಓಡುವ ಗಾಡಿಯಿಂದ ತಿಳಿಯಲಾಗದು, ಅತಿ ಕೆಟ್ಟ ಜಾಗದಲ್ಲಿ ನಿಂತ ಗಾಡಿಯಿಂದ ತಿಳಿಯಬೇಕು ಎಂಬುದು ಈ ಅಧ್ಯಾಯದ ವಾದ. ಹಾಗೆ ಲೆಕ್ಕ ಹಾಕಿದಾಗ ವಾಟುಗಳ ಮಾತು ಹಿಂದೆ ಸರಿದು ಟಾರ್ಕ್ ಮುಂದೆ ಬರುತ್ತದೆ.

ಟಾರ್ಕ್ ಎಂದರೆ ಅಚ್ಚನ್ನು ತಿರುಗಿಸುವ ತಾಕತ್ತು. ಚಕ್ರದ ಅಂಚಿನಲ್ಲಿ ನೆಲವನ್ನು ಹಿಂದಕ್ಕೆ ಒತ್ತುವ ಬಲವನ್ನು ಚಕ್ರದ ತ್ರಿಜ್ಯದಿಂದ ಗುಣಿಸಿದರೆ ಅದು ಸಿಗುತ್ತದೆ. ಹೀಗಾಗಿ ಮೊದಲು ಬಲ ಎಷ್ಟು ಬೇಕೆಂದು ತಿಳಿಯಬೇಕು. ನಮ್ಮ ಗಾಡಿಯ 250 ಕಿಲೋ ದ್ರವ್ಯರಾಶಿಯನ್ನು ಭೂಮಿ ಸುಮಾರು 2450 ನ್ಯೂಟನ್ ಬಲದಿಂದ ಕೆಳಗೆಳೆಯುತ್ತದೆ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಈ ಬಲದ ಜೊತೆ ನಾವು ಗುದ್ದಾಡಬೇಕಿಲ್ಲ, ಅದನ್ನು ರಸ್ತೆಯೇ ಹೊರುತ್ತದೆ. ನಾವು ಎದುರಿಸಬೇಕಾದ್ದು ಚಕ್ರ ಉರುಳುವಾಗ ಹುಟ್ಟುವ ಪ್ರತಿರೋಧವನ್ನು. ಟೈರು ನೆಲಕ್ಕೆ ತಾಗಿದಲ್ಲಿ ಅಮುಕಿಕೊಂಡು ಮತ್ತೆ ಉಬ್ಬುತ್ತದೆ, ಉಬ್ಬುವಾಗ ತಾನು ಪಡೆದದ್ದನ್ನೆಲ್ಲ ವಾಪಸು ಕೊಡುವುದಿಲ್ಲ. ಆ ಬಾಕಿಯೇ ಉರುಳು ಪ್ರತಿರೋಧ. ಒಳ್ಳೆಯ ರಸ್ತೆಯಲ್ಲಿ ಕಾರಿನ ಟೈರಿಗೆ ಇದು ತೂಕದ ನೂರರಲ್ಲಿ ಒಂದು, ಒಂದೂವರೆ ಪಾಲು. ಗಾಡಿಯ ಬೇರಿಂಗುಗಳೂ ರಸ್ತೆಯೂ ಅಷ್ಟು ಒಳ್ಳೆಯವಲ್ಲವೆಂದು ನೂರಕ್ಕೆ ಎರಡು ಹಿಡಿಯೋಣ. ಬೇಕಾದ ಬಲ 49 ನ್ಯೂಟನ್ ಆಯಿತು. ಸೈಕಲ್ಲಿನಂಥ ಚಕ್ರ, ತ್ರಿಜ್ಯ 30 ಸೆಂಟಿಮೀಟರ್. ಹಾಗಾದರೆ ಟಾರ್ಕ್ ಸುಮಾರು 15 ನ್ಯೂಟನ್-ಮೀಟರ್. ಗಂಟೆಗೆ 4 ಕಿಲೋಮೀಟರ್, ಅಂದರೆ ನಡಿಗೆಯ ವೇಗದಲ್ಲಿ ಇದಕ್ಕೆ ತಗಲುವ ಸಾಮರ್ಥ್ಯ 54 ವಾಟು ಮಾತ್ರ. ಈ ವೇಗದಲ್ಲಿ ಗಾಳಿಯ ತಡೆ ಒಂದು ನ್ಯೂಟನ್ನಿನ ಆಸುಪಾಸು, ಅದನ್ನು ಮರೆತುಬಿಡಬಹುದು. ಅಂಗಡಿಯವರ 250 ವಾಟು ಧಾರಾಳವೆನಿಸುವುದು ಈ ಕಾರಣಕ್ಕೆ.

ಈಗ ರಸ್ತೆಯನ್ನು ಸ್ವಲ್ಪ ಎತ್ತಿ ನೋಡೋಣ. 12 ಅಡಿ ಹೋಗುವಷ್ಟರಲ್ಲಿ 1 ಅಡಿ ಮೇಲೇರುವ ದಾರಿ, ಅಂದರೆ ಕಟ್ಟಡಗಳ ಮುಂದೆ ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರಿನಷ್ಟೇ ಕಡಿದು. ಇಲ್ಲಿ ಗಾಡಿಯ ತೂಕದ ಹನ್ನೆರಡನೇ ಒಂದು ಪಾಲು ಹಿಂದಕ್ಕೆ ಜಗ್ಗುತ್ತದೆ: 204 ನ್ಯೂಟನ್. ಉರುಳು ಪ್ರತಿರೋಧ ಹೇಗೂ ಇದ್ದೇ ಇದೆ. ಒಟ್ಟು 253 ನ್ಯೂಟನ್, ಟಾರ್ಕ್ 76 ನ್ಯೂಟನ್-ಮೀಟರ್. ಸಮತಟ್ಟಿನ ಐದು ಪಟ್ಟಿಗಿಂತ ತುಸು ಹೆಚ್ಚು. ಬೇರೆ ಮಾತಿನಲ್ಲಿ, ಈ ಏರಿನ ಮೇಲಿರುವ ಒಂದು ಗಾಡಿ ಸಮತಟ್ಟಿನಲ್ಲಿ ಒಂದರ ಹಿಂದೊಂದು ಕಟ್ಟಿದ ಐದು ಗಾಡಿಗಳಿಗೆ ಸಮ. ಕಣ್ಣಿಗೆ ಏರೆಂದೇ ಕಾಣದ ದಾರಿಗಳೂ ಹೀಗೆಯೇ ವಸೂಲಿ ಮಾಡುತ್ತವೆ. 50 ಅಡಿಗೆ 1 ಅಡಿ ಏರುವ ರಸ್ತೆಯನ್ನು ನಾವು ಸಮತಟ್ಟೆಂದೇ ನಡೆದುಬಿಡುತ್ತೇವೆ, ಅಷ್ಟಕ್ಕೇ ಗಾಡಿಗೆ ಬೇಕಾದ ಬಲ ಎರಡರಷ್ಟಾಗಿರುತ್ತದೆ.

ಚಕ್ರ ನಯವಾದಷ್ಟೂ ಈ ವಸೂಲಿ ಜೋರು ಎಂಬುದಕ್ಕೆ ರೈಲೇ ಸಾಕ್ಷಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಉರುಳು ಪ್ರತಿರೋಧ ತೂಕದ ಸಾವಿರದಲ್ಲಿ ಎರಡು ಪಾಲಿನಷ್ಟು. ಒಂದು ಟನ್ ಸರಕನ್ನು ಸಮತಟ್ಟಿನಲ್ಲಿ ಎಳೆಯಲು 20 ನ್ಯೂಟನ್ ಸಾಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ಕಡೆಗಿರುವ ಘಾಟಿಯ ಹಳಿಯ ಏರು ಐವತ್ತಕ್ಕೆ ಒಂದು. ಅಲ್ಲಿ ಅದೇ ಒಂದು ಟನ್ನಿಗೆ ಇನ್ನೂ 196 ನ್ಯೂಟನ್ ಸೇರುತ್ತದೆ, ಎಂದರೆ ಎಳೆತ ಹನ್ನೊಂದು ಪಟ್ಟಾಗುತ್ತದೆ. ಬಯಲಿನಲ್ಲಿ ಒಂದು ಎಂಜಿನ್ ಆರಾಮಾಗಿ ಎಳೆದು ತಂದ ಸರಕು ರೈಲನ್ನು ಘಾಟಿ ಹತ್ತಿಸಲು ಹಿಂದಿನಿಂದ ತಳ್ಳುವ ಎಂಜಿನ್‌ಗಳನ್ನು ಸೇರಿಸಬೇಕಾಗುವುದು ಇದರಿಂದಲೇ. ರೈಲಿನ ತೂಕ ಒಂದು ಕಿಲೋ ಕೂಡ ಹೆಚ್ಚಿರುವುದಿಲ್ಲ.

ಇದಕ್ಕೆ ಯಾರಾದರೂ ತಕರಾರು ತೆಗೆಯಬಹುದು: ಈ ಲೆಕ್ಕದ ಪ್ರತಿಯೊಂದು ಅಂಕಿಯನ್ನೂ ತೂಕದಿಂದ ಗುಣಿಸಿಯೇ ಪಡೆದದ್ದಲ್ಲವೆ, ಹಾಗಿರುವಾಗ ತೂಕವನ್ನು ಬದಿಗಿಟ್ಟು ದಾರಿಯನ್ನು ಹೊಗಳುವುದೇಕೆ? ತಕರಾರಿನಲ್ಲಿ ಹುರುಳಿದೆ. ತೂಕ ಎರಡರಷ್ಟಾದರೆ ಟಾರ್ಕೂ ಎರಡರಷ್ಟಾಗಲೇಬೇಕು. ಆದರೆ ಖಾಲಿ ಗಾಡಿಗೂ ತುಂಬಿದ ಗಾಡಿಗೂ ಇರುವ ಅಂತರ ಮೂರು ಪಟ್ಟನ್ನು ಹೆಚ್ಚು ಮೀರುವುದಿಲ್ಲ, ಅದು ಮೊದಲೇ ಗೊತ್ತಿರುತ್ತದೆ, ತಳ್ಳುವವನ ಕೈಯಲ್ಲೇ ಇರುತ್ತದೆ. 50 ಕಿಲೋದ ಒಂದು ಈರುಳ್ಳಿ ಮೂಟೆ ಹೆಚ್ಚಿಗೆ ಹೇರಿದರೆ ಸಮತಟ್ಟಿನಲ್ಲಿ ಕೂಡುವುದು 10 ನ್ಯೂಟನ್. ಮೂಟೆ ಹೇರದೆಯೇ ಆ ಏರಿಗೆ ಹೊರಳಿದರೆ ಕೂಡುವುದು 204. ಏರನ್ನು ಯಾರೂ ಇಳಿಸಿ ಹೋಗಲಾರರು.

ಇಲ್ಲಿಯವರೆಗೆ ಗಾಡಿ ಒಂದೇ ವೇಗದಲ್ಲಿ ಸಾಗುತ್ತಿದೆ ಎಂದೇ ನಂಬಿಕೊಂಡೆವು. ನಿಂತದ್ದನ್ನು ಹೊರಡಿಸಲು ಅದರ ಜಡತ್ವಕ್ಕೂ ಬೆಲೆ ತೆರಬೇಕು. ಎರಡು ಸೆಕೆಂಡಿನಲ್ಲಿ ನಡಿಗೆಯ ವೇಗಕ್ಕೆ ತರಬೇಕೆಂದರೆ 139 ನ್ಯೂಟನ್, ನಾಲ್ಕು ಸೆಕೆಂಡು ಕೊಟ್ಟರೆ ಅದರರ್ಧ. ಏರಿನ ಮೇಲೆ ನಿಧಾನವಾಗಿಯೇ ಹೊರಡೋಣ. ಒಟ್ಟು ಬಲ 323 ನ್ಯೂಟನ್, ಟಾರ್ಕ್ 97. ವಾಟುಗಳ ಭಾಷೆ ನಮ್ಮನ್ನು ಪೂರ್ತಿ ಕೈಬಿಡುವುದು ಈ ಹಂತದಲ್ಲಿ. ಸಾಮರ್ಥ್ಯವೆಂದರೆ ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದ್ದು. ನಿಂತ ಚಕ್ರದ ವೇಗ ಸೊನ್ನೆ. ಹಾಗಾಗಿ ಮೋಟರು ಎಷ್ಟೇ ಟಾರ್ಕ್ ಹಾಕಿ ತಿಣುಕಾಡುತ್ತಿದ್ದರೂ ಆ ಗಳಿಗೆಯಲ್ಲಿ ಗಾಡಿಗೆ ಮುಟ್ಟುವ ಸಾಮರ್ಥ್ಯ ಸೊನ್ನೆ ವಾಟು. ಮೋಟರಿನ ಬೆನ್ನ ಮೇಲಿನ ತಗಡಿನಲ್ಲಿ 250 ಎಂದಿದೆಯೋ 500 ಎಂದಿದೆಯೋ, ಹೊರಡುವ ಹೊತ್ತಿಗೆ ಅದರಿಂದ ನೇರವಾಗಿ ಏನೂ ತಿಳಿಯುವುದಿಲ್ಲ. ಜಾತ್ರೆಯಲ್ಲಿ ತೇರೆಳೆಯುವವರಿಗೆ ಇದು ಸೂತ್ರವಿಲ್ಲದೆಯೇ ಗೊತ್ತು. ನೂರಾರು ಮಂದಿ ಹಗ್ಗ ಹಿಡಿದಿದ್ದರೂ ಕೆಲವರು ಹಿಂದೆ ನಿಂತು ಚಕ್ರದ ಬುಡಕ್ಕೆ ಸನ್ನೆ ಕೊಟ್ಟು ಮೀಟುತ್ತಾರೆ, ಒಮ್ಮೆ ಹೊರಟ ಮೇಲೆ ಸನ್ನೆಗಳಿಗೆ ಕೆಲಸವಿರುವುದಿಲ್ಲ.

ಇನ್ನು ಕಲ್ಲು. ಇದನ್ನು ಬಹಳಷ್ಟು ಲೆಕ್ಕಗಳು ಬಿಟ್ಟೇಬಿಡುತ್ತವೆ, ಕೆಟ್ಟ ಪರಿಸ್ಥಿತಿಯ ನಿಜವಾದ ರೂಪ ಇರುವುದೋ ಇಲ್ಲೇ. ಸಮತಟ್ಟಾದ ರಸ್ತೆಯಲ್ಲಿ 3 ಸೆಂಟಿಮೀಟರ್ ಎತ್ತರದ ಒಂದು ಅಂಚಿಗೆ ಮುಂದಿನ ಎರಡೂ ಚಕ್ರಗಳು ತಾಗಿ ನಿಂತಿವೆ ಎನ್ನಿ. ಅಗೆದು ಮುಚ್ಚಿದ ರಸ್ತೆಗಳಲ್ಲಿ ಈ ಎತ್ತರ ಅಪರೂಪವೇನೂ ಅಲ್ಲ. ಚಕ್ರ ಈಗ ಆ ಅಂಚನ್ನೇ ಆಸರೆ ಮಾಡಿಕೊಂಡು ಮಗುಚಬೇಕು. ಮುಂದಿನ ಅಚ್ಚಿನ ಮೇಲೆ ಗಾಡಿಯ ಅರ್ಧ ತೂಕ, 1225 ನ್ಯೂಟನ್, ಕೂತಿದೆ. ಅಂಚು ಅಚ್ಚಿನ ನೇರ ಕೆಳಗಿಲ್ಲ, 13 ಸೆಂಟಿಮೀಟರ್ ಮುಂದಿದೆ. ಆದ್ದರಿಂದ ಈ ತೂಕ 13 ಸೆಂಟಿಮೀಟರಿನ ತೋಳು ಹಿಡಿದು ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಿರುತ್ತದೆ. ಅಚ್ಚನ್ನು ಮುಂದೆ ತಳ್ಳುವ ಬಲಕ್ಕೆ ಸಿಗುವ ತೋಳು ಅಂಚಿನಿಂದ ಅಚ್ಚಿನವರೆಗಿನ ಎತ್ತರ, 27 ಸೆಂಟಿಮೀಟರ್. ಎರಡನ್ನೂ ತೂಗಿದರೆ ಬೇಕಾದ ಬಲ 593 ನ್ಯೂಟನ್. ಅದನ್ನು ಹಿಂದಿನ ಚಕ್ರಗಳಿಂದ ಹುಟ್ಟಿಸಲು 178 ನ್ಯೂಟನ್-ಮೀಟರ್ ಟಾರ್ಕ್ ಬೇಕು. ನಮ್ಮನ್ನು ಹೆದರಿಸಿದ್ದ ಏರಿಗೆ ಬೇಕಿದ್ದದ್ದು 76! ಎರಡು ಬೆರಳಗಲದ ಅಂಚು ಅದರ ಎರಡು ಪಟ್ಟಿಗೂ ಹೆಚ್ಚು ಕೇಳುತ್ತಿದೆ.

ಹಾಗಾದರೆ ದಿನವೂ ಗಾಡಿಗಳು ಇಂಥ ಅಂಚುಗಳನ್ನು ಹತ್ತಿ ಇಳಿಯುತ್ತಿರುವುದು ಹೇಗೆ, ಲೆಕ್ಕದಲ್ಲೇ ಅತಿಶಯವಿರಬೇಕಲ್ಲ ಎಂಬ ಸಂಶಯ ಸಹಜ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ನಿಂತ ಚಕ್ರದ ಲೆಕ್ಕ. ನಡಿಗೆಯ ವೇಗದಲ್ಲಿ ಸಾಗುವ ಗಾಡಿಯೊಳಗೆ ಸುಮಾರು 154 ಜೂಲ್ ಚಲನಶಕ್ತಿ ಇರುತ್ತದೆ. ಮುಂದಿನ ಅಚ್ಚಿನ ಭಾರವನ್ನು 3 ಸೆಂಟಿಮೀಟರ್ ಎತ್ತಲು ಬೇಕಾದ್ದು 37 ಜೂಲ್. ಗಾಡಿ ತನ್ನ ಗಂಟಿನಿಂದ ಕಾಲು ಭಾಗ ಖರ್ಚು ಮಾಡಿ, ಬಡಿತದಲ್ಲಿ ಇನ್ನಷ್ಟು ಕಳೆದುಕೊಂಡು, ದಾಟಿಬಿಡುತ್ತದೆ. ತಳ್ಳುವವರು ಹಳ್ಳದಲ್ಲಿ ಸಿಕ್ಕ ಗಾಡಿಯನ್ನು ಒಮ್ಮೆ ಹಿಂದಕ್ಕೆ ಬಿಟ್ಟು ಜೋಕಾಲಿಯಂತೆ ತೂಗಿ ಮುಂದೆ ನೂಕುವುದು ಈ ಗಂಟನ್ನು ಕಟ್ಟಿಕೊಳ್ಳಲಿಕ್ಕೆ. ಹಿಂದೆ ಸರಿಯಲು ಜಾಗವಿಲ್ಲದ ಸಂದಣಿಯಲ್ಲಿ ಗಂಟು ಕಟ್ಟುವ ಅವಕಾಶವಿಲ್ಲ, ಆಗ 593 ನ್ಯೂಟನ್ನೂ ಬೇಕು.

ಚಕ್ರವನ್ನೇ ದೊಡ್ಡದು ಮಾಡಿದರೆ ಆಗದೆ? ನಮ್ಮ ಎತ್ತಿನ ಗಾಡಿಯ ಚಕ್ರ ಎದೆಮಟ್ಟಕ್ಕೆ ಬರುವುದು ಸುಮ್ಮನೆ ಅಲ್ಲವಲ್ಲ. ಈ ಪ್ರಶ್ನೆಯ ಬಗ್ಗೆ ಫ್ರಾನ್ಸಿನಲ್ಲಿ ದೊಡ್ಡ ಜಗಳವೇ ನಡೆದಿದೆ. 1780ರ ದಶಕದಲ್ಲಿ ಕೂಲಂಬ್, ವಿದ್ಯುತ್ತಿನ ನಿಯಮದಿಂದ ನಮಗೆ ಪರಿಚಿತನಾದ ಅದೇ ಕೂಲಂಬ್, ಮರದ ಉರುಳೆಗಳನ್ನು ಉರುಳಿಸಿ ನೋಡಿ, ಉರುಳೆ ದಪ್ಪವಾದಷ್ಟೂ ಪ್ರತಿರೋಧ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದ. ಮುಂದೆ 1830–40ರ ದಶಕಗಳಲ್ಲಿ ಸೇನೆಯ ಎಂಜಿನಿಯರ್ ಮೊರಾನ್ ಇದನ್ನೇ ಎತ್ತಿಹಿಡಿದ. ರಸ್ತೆ ಎಂಜಿನಿಯರ್ ಡ್ಯುಪ್ಯುಯಿ ಮಾತ್ರ ಇಳಿಕೆ ಅಷ್ಟಿಲ್ಲ, ವ್ಯಾಸದ ವರ್ಗಮೂಲದಷ್ಟು ಮಾತ್ರ ಎಂದು ಹಟ ಹಿಡಿದ. ಯಾರು ಹೇಳಿದ್ದು ಸರಿ ಎಂಬುದು ಚಕ್ರದ, ನೆಲದ ಗುಣದ ಮೇಲೆ ನಿಂತಿದೆ. ನಮ್ಮ ಮಟ್ಟಿಗೆ ಮುಖ್ಯವಾದ ಸಂಗತಿ ಬೇರೆ. ಇವರೆಲ್ಲ ಅಳೆಯುತ್ತಿದ್ದದ್ದು ಕುದುರೆ ಎಳೆಯಬೇಕಾದ ಬಲವನ್ನು. ಕುದುರೆಯಾಗಲಿ ಎತ್ತಾಗಲಿ ಅಚ್ಚನ್ನು ಎಳೆಯುತ್ತದೆ, ಮೋಟರು ಅಚ್ಚನ್ನು ತಿರುಗಿಸುತ್ತದೆ. ಎಳೆಯುವವರಿಗೆ ಲೆಕ್ಕಕ್ಕೆ ಬರುವುದು ಬಲ, ತಿರುಗಿಸುವವರಿಗೆ ಟಾರ್ಕ್. ಬಲವನ್ನು ತ್ರಿಜ್ಯದಿಂದ ಗುಣಿಸಿದ ಕೂಡಲೇ ಕೂಲಂಬನ ಲಾಭ ಪೂರ್ತಿ ಕರಗಿಹೋಗುತ್ತದೆ. ಡ್ಯುಪ್ಯುಯಿಯ ಲೆಕ್ಕ ಹಿಡಿದರಂತೂ ದೊಡ್ಡ ಚಕ್ರಕ್ಕೆ ಹೆಚ್ಚೇ ಟಾರ್ಕ್ ಬೇಕಾಗುತ್ತದೆ. ಏರಿನಲ್ಲಿ ತ್ರಿಜ್ಯ ಎರಡರಷ್ಟಾದರೆ ಅದಕ್ಕೆ ಬೇಕಾದ ಟಾರ್ಕೂ ಎರಡರಷ್ಟು. ಎತ್ತಿಗೆ ಉಪಕಾರಿಯಾದ ದೊಡ್ಡ ಚಕ್ರ ಮೋಟರಿಗೆ ಹೊರೆ.

ಹಾಗೆಂದು ಸೂಟ್‌ಕೇಸಿನ ಚಕ್ರದಂಥ ಪುಟಾಣಿಗಳನ್ನು ಜೋಡಿಸಿಬಿಟ್ಟರೆ ಗೆದ್ದಂತಲ್ಲ. 10 ಸೆಂಟಿಮೀಟರ್ ತ್ರಿಜ್ಯದ ಚಕ್ರ ಅದೇ 3 ಸೆಂಟಿಮೀಟರ್ ಅಂಚಿನೆದುರು ನಿಂತರೆ ಬೇಕಾದ ಟಾರ್ಕ್ 125ಕ್ಕೆ ಇಳಿಯುತ್ತದೆ ನಿಜ, ಆದರೆ ಬೇಕಾದ ಬಲ 1250 ನ್ಯೂಟನ್‌ಗೆ ಏರಿಬಿಡುತ್ತದೆ. ಆ ಬಲವನ್ನು ಕೊಡಬೇಕಾದದ್ದು ಕೊನೆಗೆ ಮೋಟರಲ್ಲ, ಹಿಂದಿನ ಚಕ್ರಕ್ಕೂ ರಸ್ತೆಗೂ ನಡುವಿನ ಹಿಡಿತ. ಒಣ ರಸ್ತೆಯಲ್ಲಿ ರಬ್ಬರಿಗೆ ಸಿಗುವ ಹಿಡಿತ ಅದರ ಮೇಲಿನ ತೂಕದ ಹತ್ತರಲ್ಲಿ ಏಳು ಪಾಲೆಂದರೂ ಹಿಂದಿನ ಅಚ್ಚಿಗೆ ದಕ್ಕುವುದು 857 ನ್ಯೂಟನ್. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಚಕ್ರ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಪುಟ್ಟ ಚಕ್ರದ ಗಾಡಿ ಎಷ್ಟೇ ಬಲವಾದ ಮೋಟರಿದ್ದರೂ ಆ ಅಂಚನ್ನು ನಿಂತಲ್ಲಿಂದ ಹತ್ತಲಾರದು. ಸೈಕಲ್ ಚಕ್ರದ ಗಾಡಿ ಒಣ ರಸ್ತೆಯಲ್ಲಿ ಹತ್ತೀತು. ಮಳೆ ಬಂದು ಹಿಡಿತ ಹತ್ತರಲ್ಲಿ ನಾಲ್ಕಕ್ಕೆ ಇಳಿದರೆ ಸಿಗುವುದು 490 ನ್ಯೂಟನ್ ಅಷ್ಟೆ, ಬೇಕಾದ್ದು 593. ಬಂಡಿಯ ಬಡಗಿಯ ಅರಿವನ್ನು ಮೋಟರಿನ ಕಾಲದಲ್ಲೂ ತಳ್ಳಿಹಾಕುವಂತಿಲ್ಲ.

ಟಾರ್ಕಿಗೆ ಹೀಗೆ ಒಂದು ಮೇಲ್ಮಿತಿಯೂ ಇದೆ, ಅದನ್ನು ಬರೆಯುವುದು ರಸ್ತೆ. ನೀಲಗಿರಿ ರೈಲು ಕಲ್ಲಾರಿನಿಂದ ಕೂನೂರಿನವರೆಗೆ ಹತ್ತುವ ಏರು, ಕಾಕತಾಳೀಯವೆಂಬಂತೆ, ನಮ್ಮ ಗಾಡಿಯದರಷ್ಟೇ: ಹನ್ನೆರಡಕ್ಕೆ ಒಂದರ ಸುಮಾರು. ಒಣ ಹಳಿಯ ಮೇಲೆ ಉಕ್ಕಿಗೆ ಸಿಗುವ ಹಿಡಿತ ತೂಕದ ಕಾಲು ಭಾಗದಷ್ಟು, ಆದ್ದರಿಂದ ಅಲ್ಲಿ ಎಂಜಿನ್ ತನ್ನನ್ನೂ ಸೇರಿಸಿಕೊಂಡು ತನ್ನ ತೂಕದ ಮೂರು ಪಟ್ಟಿಗಿಂತ ಹೆಚ್ಚನ್ನು ಎಳೆಯಲಾರದು. ಹಳಿ ಒದ್ದೆಯಾದರೆ ಅದೂ ಇಲ್ಲ. ಎಂಜಿನ್ನಿನ ಟಾರ್ಕ್ ಹೆಚ್ಚಿಸಿ ಏನೂ ಪ್ರಯೋಜನವಿರಲಿಲ್ಲ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿ, ಎಂಜಿನ್ನಿಗೆ ಹಲ್ಲಿನ ಚಕ್ರ ಕೊಟ್ಟು ಹಿಡಿತದ ಲೆಕ್ಕವನ್ನೇ ತಪ್ಪಿಸಿದರು.

ನಮ್ಮ ಗಾಡಿಯ ಮಟ್ಟಿಗೆ ಟಾರ್ಕಿನ ಗಡಿಗಳು ಈಗ ಸ್ಪಷ್ಟ: ಏರನ್ನು ಹತ್ತುತ್ತಲೇ ಇರಲು 76, ಅಲ್ಲಿ ನಿಂತು ಹೊರಡಲು 97, ಸಮತಟ್ಟಿನಲ್ಲಿ ಅಂಚು ಹತ್ತಲು 178, ಒಣ ರಸ್ತೆಯ ಮೇಲ್ಮಿತಿ 257, ಒದ್ದೆ ರಸ್ತೆಯದು 147. ಇನ್ನು ಮೋಟರು. ಗಿಯರ್ ಹಾಕಿದರೆ ಯಾವ ಪುಟ್ಟ ಮೋಟರಿನಿಂದಲೂ ಎಷ್ಟು ಬೇಕಾದರೂ ಟಾರ್ಕ್ ತೆಗೆಯಬಹುದು, ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರಿದ್ದಾರೆ. ತೆಗೆಯಬಹುದು, ಆದರೆ ವೇಗದ ಲೆಕ್ಕದಲ್ಲಿ ಬೆಲೆ ಕೊಟ್ಟು. 500 ವಾಟಿನ, ನಿಮಿಷಕ್ಕೆ 3000 ಸುತ್ತಿನ ಮೋಟರಿನ ಟಾರ್ಕ್ 1.6 ನ್ಯೂಟನ್-ಮೀಟರ್. ನಡಿಗೆಯ ವೇಗದಲ್ಲಿ ನಮ್ಮ ಚಕ್ರ ನಿಮಿಷಕ್ಕೆ 35 ಸುತ್ತು ಸುತ್ತುವುದರಿಂದ ಗಿಯರ್ ಅನುಪಾತ 85 ಬೇಕು; ಗಿಯರಿನಲ್ಲಿ ಐದನೇ ಒಂದು ಪಾಲು ಸೋರಿಹೋದರೂ ಚಕ್ರಕ್ಕೆ 109 ಮುಟ್ಟುತ್ತದೆ. ಅದೇ ಮೋಟರನ್ನು ಗಂಟೆಗೆ 15 ಕಿಲೋಮೀಟರಿಗೆ ಹೊಂದಿಸಿದರೆ ಚಕ್ರಕ್ಕೆ ಸಿಗುವುದು 29 ಮಾತ್ರ, ಮೋಟರಿನ ಈ ಮಾಮೂಲಿ ಟಾರ್ಕಿನಿಂದ ಏರಿನಲ್ಲಿ ಗಾಡಿ ಮಿಸುಕದು. ನಡಿಗೆಗೆ ಹೊಂದಿಸಿದ 350 ವಾಟಿನ ಮೋಟರು ಅದೇ ಏರನ್ನು 76ರ ಟಾರ್ಕಿನಿಂದ ಹತ್ತುತ್ತದೆ. ಐನೂರು ಸೋತು ಮುನ್ನೂರೈವತ್ತು ಗೆಲ್ಲುವುದಾದರೆ ವಾಟಿನ ಪ್ರಶ್ನೆಗೆ ಏನು ಅರ್ಥ ಉಳಿಯಿತು? ‘ಎಲ್ಲದಕ್ಕೂ ಎರಡರಷ್ಟು ಹಾಕಿಬಿಡಿ’ ಎಂಬ ಉಪಾಯವೂ ನನಗೆ ಹಿಡಿಸುವುದಿಲ್ಲ. ಸಮತಟ್ಟಿನ 15ರ ಎರಡರಷ್ಟು ಏರಿಗೆ ಸಾಲದು. ಅಂಚಿನ 178ರ ಎರಡರಷ್ಟನ್ನು ರಸ್ತೆಯೇ ಒಪ್ಪಿಕೊಳ್ಳದು, ಮೋಟರು ಬ್ಯಾಟರಿಗಳ ತೂಕವನ್ನು ಮಾತ್ರ ಗಾಡಿ ದಿನವಿಡೀ ಹೊರಬೇಕು.

350 ವಾಟಿನ ಮೋಟರಿನಿಂದ 178 ಬರುವುದು ಹೇಗೆ? ನೇರ ವಿದ್ಯುತ್ತಿನ ಮೋಟರಿಗೆ ಒಂದು ಒಳ್ಳೆಯ ಗುಣವಿದೆ. ಅದರ ಟಾರ್ಕ್ ಹರಿಯುವ ವಿದ್ಯುತ್ತಿನ ಪ್ರಮಾಣದಲ್ಲೇ ಏರುತ್ತದೆ, ನಿಂತಿರುವಾಗಲೂ ಏರುತ್ತದೆ. 24 ವೋಲ್ಟಿನ ಮೋಟರಿನ ದಕ್ಷತೆ ನೂರಕ್ಕೆ 75 ಎಂದು ಹಿಡಿದರೆ ಏರಿನಲ್ಲಿ ಅದು ಸುಮಾರು 19 ಆಂಪಿಯರ್ ಎಳೆಯುತ್ತದೆ. ಅಂಚು ಹತ್ತಲು 45 ಬೇಕಾದೀತು. ಸುರುಳಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗದಂತೆ ಏರುವುದರಿಂದ ಆಗ ಶಾಖ ಐದು ಪಟ್ಟಿಗೂ ಹೆಚ್ಚು. ಕೆಲವು ಸೆಕೆಂಡು ಮೋಟರು ಇದನ್ನು ತಾಳಿಕೊಳ್ಳುತ್ತದೆ, ನಿಮಿಷಗಟ್ಟಲೆ ತಾಳದು, ಸುಟ್ಟ ವಾರ್ನಿಷಿನ ವಾಸನೆ ಬರುತ್ತದೆ. ಹಾಗಾಗಿ ದಿನವಿಡೀ ಇರುವ ಟಾರ್ಕನ್ನು ಏರಿನಿಂದಲೂ, ಗಳಿಗೆಯ ಟಾರ್ಕನ್ನು ಅಂಚಿನಿಂದಲೂ ನಿರ್ಧರಿಸಿ, ನಿಯಂತ್ರಕದಲ್ಲಿ 45 ಆಂಪಿಯರಿನ ಮಿತಿ ಇಡುವುದು ಸರಿ. ಏರಿನಲ್ಲಿ ಗಿರಾಕಿಗಾಗಿ ನಿಂತಾಗ ಗಾಡಿಯನ್ನು ಮೋಟರಿನಿಂದಲೇ ಹಿಡಿದು ನಿಲ್ಲಿಸುವುದು ಮಾತ್ರ ಬೇಡ; ಕೆಲಸ ಸೊನ್ನೆ, ಶಾಖವಷ್ಟೇ ಪ್ರಾಪ್ತಿ. ಅದಕ್ಕೆ ಬ್ರೇಕು ಬೇಕು. ಇನ್ನು ಮಳೆಯಲ್ಲಿ ಅಂಚಿನೆದುರು ಕೊರತೆ ಬಿದ್ದ 103 ನ್ಯೂಟನ್ ಉಳಿಯಿತು. ಅದು ಸಮತಟ್ಟಿನಲ್ಲಿ ಗಾಡಿಯವನು ಇದುವರೆಗೆ ಕೈಯಿಂದ ತಳ್ಳುತ್ತಿದ್ದ ಬಲದ ಎರಡರಷ್ಟು. ಕೈ ಒತ್ತುವುದು ಗಾಡಿಯ ಚೌಕಟ್ಟನ್ನು, ಚಕ್ರವನ್ನಲ್ಲ. ಹಿಂದಿನ ಚಕ್ರದ ಹಿಡಿತವನ್ನು ಅದು ಕೇಳುವುದೇ ಇಲ್ಲ. ಮೋಟರು ಕೂರಿಸಿದ ಮೇಲೂ ತಳ್ಳುವ ಹಿಡಿಯನ್ನು ಕಿತ್ತುಹಾಕದೆ ಉಳಿಸಿಕೊಂಡರೆ ಆ 103 ನ್ಯೂಟನ್ನಿಗೆ ಬೇರೆ ಏರ್ಪಾಡು ಬೇಕಾಗುವುದಿಲ್ಲ.